ಕೂಸಿಗೋಸ್ಕರ ಉದ್ಯೋಗವನ್ನು ಬಿಡುವದರ ವಿಷಯ

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ನಾವು ಸಂಚರಿಸುವಾಗ ಅನೇಕ ಮನೆಗಳಲ್ಲಿ ಒಂದೇ ಮಾತನ್ನು ಕೇಳುತ್ತೇವೆ. ಅದೇನಂದರೆ, ಹಿಂದಿನ ತಾಯಂದಿರು ಮನೆಯಲ್ಲಿದ್ದುಕೊಂಡು ಮಕ್ಕಳನ್ನು ಸಾಕಿದರು, ಈಗಿನವರು ಓದು ಕಲಿತು ಕೆಲಸಕ್ಕೆ ಹೋಗಿ ಮಕ್ಕಳನ್ನು ಕೈಬಿಟ್ಟರು ಎಂಬದೇ. ಈ ಮಾತು ನಿಜವೋ ಎಂದು ಸ್ವಲ್ಪ ನೆನಸಿ ನೋಡಿರಿ. ನಮ್ಮ ತಾಯಂದಿರಲ್ಲಿ ಎಷ್ಟು ಮಂದಿ ಮನೆಯಲ್ಲಿದ್ದರು? ಕಡೂರಿನ ಬಯಲಿನಲ್ಲಿ ರಾಗಿ ಹೊಲದ ಕಳೆಯನ್ನು ತೆಗೆದವರು ಯಾರು? ತರೀಕೆರೆಯ ಕಡೆ ಕೊಯ್ಲಿನ ಕಾಲದಲ್ಲಿ ನಡುರಾತ್ರಿಯ ತನಕ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆಯನ್ನು ಸುಲಿದವರು ಯಾರು? ಕೂಸು ಹೊಂಗೆಯ ಕೊಂಬೆಗೆ ಕಟ್ಟಿದ ಜೋಲಿಯಲ್ಲಿ ಮಲಗಿರುತ್ತಿತ್ತು. ಅತ್ತರೆ ತಾಯಿಯು ಸಾಲಿನಿಂದ ಎದ್ದು ಬಂದು ಹಾಲೂಡಿ ತಿರಿಗಿ ಸಾಲಿಗೆ ಹೋಗುತ್ತಿದ್ದಳು. ಬಡವರ ಮನೆಯ ತಾಯಿಯು ದುಡಿಮೆಗೆ ಹೋಗದೆ ಇದ್ದ ಕಾಲವನ್ನು ನಾವಂತೂ ಕಾಣೆವು. ಈಗ ಬಂದಿರುವ ಉದ್ಯೋಗಗಳಲ್ಲಿ ಜೋಲಿಯನ್ನು ಕಟ್ಟುವದಕ್ಕೆ ಕೊಂಬೆಯಿಲ್ಲ, ಅಷ್ಟೇ ವ್ಯತ್ಯಾಸ. ಆಸ್ಪತ್ರೆಯ ವಾರ್ಡಿಗೂ ಬ್ಯಾಂಕಿನ ಕೌಂಟರಿಗೂ ಕೂಸನ್ನು ಎತ್ತಿಕೊಂಡು ಹೋಗುವದು ಆಗದು.

ಹೀಗಿರಲಾಗಿ, ನಮ್ಮ ಹೆಣ್ಣುಮಕ್ಕಳು ನರ್ಸುಗಳಾಗಿಯೂ ಉಪಾಧ್ಯಾಯಿನಿಯರಾಗಿಯೂ ಕಚೇರಿಯ ಗುಮಾಸ್ತರಾಗಿಯೂ ತರಬೇತಿ ಹೊಂದಿದ ಮೇಲೆ, ಮೊದಲನೆಯ ಕೂಸು ಹುಟ್ಟಿದ ಮನೆಯಲ್ಲಿ ಒಬ್ಬರು ಉದ್ಯೋಗವನ್ನು ಬಿಡಬೇಕೋ ಎಂಬ ಪ್ರಶ್ನೆಯು ಏಳುತ್ತದೆ. ಈ ಪ್ರಶ್ನೆಯನ್ನು ನಾವು ಬಹುಕಾಲ ತಪ್ಪಾಗಿ ಹಿಡಿದಿದ್ದೆವು. ಬಿಡುವದು ಶ್ರೇಷ್ಠವೋ ಬಿಡದಿರುವದು ಶ್ರೇಷ್ಠವೋ ಎಂದು ತೂಗುತ್ತಾ ಕೂತಿದ್ದೆವು. ನಮ್ಮ ತಪ್ಪನ್ನು ತೋರಿಸಿಕೊಟ್ಟವಳು ಅಜ್ಜಂಪುರದ ಬಳಿಯ ಒಂದು ಹಳ್ಳಿಯ ಸೊಸೆ. ಅವಳ ಹೆಸರನ್ನು ಇಲ್ಲಿ ಬರೆಯುವದು ಉಚಿತವಲ್ಲ.

ಅವಳು ಮೂರು ವರುಷ ನರ್ಸಿಂಗ್ ಕಲಿತು, ಪಟ್ಟಣದ ಒಂದು ಚಿಕ್ಕ ಖಾಸಗಿ ಆಸ್ಪತ್ರೆಯಲ್ಲಿ ಆರು ವರುಷ ಕೆಲಸ ಮಾಡಿದ್ದಳು. ಅವಳ ಗಂಡನು ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಅವನ ಸಂಬಳವು ಅವಳದಕ್ಕಿಂತ ಕಡಿಮೆ. ಕೂಸು ಹುಟ್ಟಿದಾಗ 2017ರ ತಿದ್ದುಪಡಿಯ ಪ್ರಕಾರ ಅವಳಿಗೆ 26 ವಾರಗಳ ಸಂಬಳಸಹಿತ ರಜೆಯು ದೊರಕಿತು. ಅದು ದೊಡ್ಡ ಉಪಕಾರವೇ. ಅದಕ್ಕೆ ಮುಂಚೆ ಕಾನೂನು ಕೊಡುತ್ತಿದ್ದದ್ದು 12 ವಾರ ಮಾತ್ರ. ಆದರೆ 26 ವಾರವೂ ಒಂದು ದಿನ ಮುಗಿಯುತ್ತದಲ್ಲವೇ? 50 ಮಂದಿಯಾಗಲಿ ಹೆಚ್ಚಾಗಲಿ ನೌಕರರಿರುವ ಸ್ಥಳದಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡು ಇರತಕ್ಕದ್ದೆಂದು ಅದೇ ತಿದ್ದುಪಡಿಯು ಹೇಳಿತ್ತು. ಅವಳಿದ್ದ ಆಸ್ಪತ್ರೆಯು ಅಷ್ಟು ದೊಡ್ಡದಲ್ಲ. 2021ರಲ್ಲಿ ನಮ್ಮ ರಾಜ್ಯದ ಸರಕಾರವು ತನ್ನ ಮಹಿಳಾ ನೌಕರರಿಗೆ ಮಕ್ಕಳ ಪಾಲನೆಗೆಂದು 180 ದಿನಗಳ ರಜೆಯನ್ನು ಕೊಟ್ಟಿತು. ಅವಳು ಸರಕಾರದ ನೌಕರಳಲ್ಲ. ಹಳ್ಳಿಯಲ್ಲಿ ಅಂಗನವಾಡಿ ಉಂಟು. 1975ರಲ್ಲಿ ನಮ್ಮ ರಾಜ್ಯದೊಳಗೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಮೊದಲಾಗಿ ಆರಂಭವಾದ ಆ ಏರ್ಪಾಡಿನಿಂದ ನಮ್ಮ ಮಕ್ಕಳು ಪಡೆದ ಪ್ರಯೋಜನವು ಅಲ್ಪವಲ್ಲ. ಆದರೂ ರಾತ್ರಿ ಪಾಳಿಯ ತಾಯಿಗೆ ಹಗಲಿನ ಅಂಗನವಾಡಿಯಿಂದ ಏನಾದೀತು? ಅತ್ತೆಗೆ ಮಂಡಿನೋವು, ಆರು ತಿಂಗಳ ಕೂಸನ್ನು ಎತ್ತಿ ಇಳಿಸಲಾರಳು. ಆದಕಾರಣ ಸೊಸೆಯು ರಾಜೀನಾಮೆ ಕೊಟ್ಟಳು.

ಮುಂದಿನ ಭಾನುವಾರ ನಾವು ಆ ಊರಿನ ಆರಾಧನೆಯಲ್ಲಿ ಅವಳನ್ನು ಎಲ್ಲರ ಮುಂದೆ ಹೊಗಳಿದೆವು. ಇಂಥಾ ತ್ಯಾಗವುಳ್ಳ ತಾಯಂದಿರು ಸಭೆಗೆ ಭೂಷಣವೆಂದು ಹೇಳಿದೆವು. ಹಿರಿಯರು ತಲೆದೂಗಿದರು. ಎಲ್ಲರೂ ಹೊರಟುಹೋದ ಮೇಲೆ ಅವಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಂದು ನಿಂತಳು.

“ಅಯ್ಯನವರೇ, ನೀವು ಹೊಗಳಿದ್ದಕ್ಕೆ ಬೇಜಾರಿಲ್ಲ. ಕೂಸಿಗೋಸ್ಕರ ನಾನಾಗೇ ಬಿಡ್ತಿದ್ದೆ ಅಂತಲೇ ಇಟ್ಟುಕೊಳ್ಳಿ. ಆದರೆ ಬಿಡ್ತೀಯಾ ಅಂತ ನನ್ನನ್ನು ಒಬ್ಬರೂ ಕೇಳಲಿಲ್ಲ. ಹೋದ ವರ್ಷ ಜೋಡೆತ್ತು ಮಾರುವಾಗ ಮನೆಯವರೆಲ್ಲ ಮೂರು ದಿನ ಕೂತು ಮಾತಾಡಿದರು.”

ನಾವು ಏನೆಂದು ಉತ್ತರ ಕೊಡೋಣ? “ಹೌದಮ್ಮಾ” ಅಂದೆವು. ಸೈಕಲ್ಲು ಹತ್ತಿ ಬರುವಾಗ ದಾರಿಯುದ್ದಕ್ಕೂ ಆ ಜೋಡೆತ್ತುಗಳೇ ನಮ್ಮ ಕಣ್ಣ ಮುಂದೆ ನಡೆದವು.

ಆ ವಾರದಲ್ಲೇ ಅವಳ ಗಂಡನನ್ನು ಮಂಡಿಯ ಹೊರಗೆ ಕಂಡು ಮಾತಾಡಿದೆವು. ಅವನು ದುಷ್ಟನಲ್ಲ, ಕುಡಿಯುವವನಲ್ಲ, ಹೆಂಡತಿಯ ಮೇಲೆ ಪ್ರೀತಿಯುಳ್ಳವನೇ. “ಅವಳಿಗೂ ಅದೇ ಇಷ್ಟ ಅಂದುಕೊಂಡೆ” ಎಂದನು. ಸಂಬಳ ಕಡಿಮೆ ಇರುವವರು ಬಿಡುವದು ಲೆಕ್ಕದ ಪ್ರಕಾರ ಸರಿಯಲ್ಲವೇ, ನೀನೇ ಲೆಕ್ಕ ಬಲ್ಲವನಲ್ಲವೇ ಎಂದು ಕೇಳಲು, ಅವನು ಮೊದಲು ನಕ್ಕನು, ಆಮೇಲೆ ನಗಲಿಲ್ಲ. ಗಂಡಸು ಮನೆಯಲ್ಲಿ ಕೂಸಾಡಿಸಿಕೊಂಡಿದ್ದರೆ ಬಸ್ ಸ್ಟ್ಯಾಂಡಿನಲ್ಲಿ ಏನಂದಾರು ಎಂಬ ಒಂದೇ ತಡೆಯು ಅವನಿಗಿತ್ತು. ಇದು ಹಗುರವಾದ ತಡೆಯೆಂದು ನಾವು ಹೇಳುವದಿಲ್ಲ. ಹಳ್ಳಿಯಲ್ಲಿ ಬದುಕುವವನಿಗೆ ಬಸ್ ಸ್ಟ್ಯಾಂಡೂ ಒಂದು ನ್ಯಾಯಸ್ಥಾನವೇ. ಆದರೂ ಆ ನ್ಯಾಯಸ್ಥಾನದ ದಂಡವನ್ನು ತೆತ್ತವಳು ಅವನ ಹೆಂಡತಿ. ಇದನ್ನು ಅವನು ಅಲ್ಲಿಯ ತನಕ ಯೋಚಿಸಿರಲಿಲ್ಲ; ನಾವೂ ಯೋಚಿಸಿರಲಿಲ್ಲ.

ಕೇಳದೆ ಬಿಡಿಸುವದು ನಮ್ಮ ಹಳ್ಳಿಗಳಿಗೆ ಮಾತ್ರ ಸೇರಿದ ವಾಡಿಕೆಯೆಂದು ತಿಳಿಯಬೇಡಿರಿ. ಒಂದು ಕಾಲದಲ್ಲಿ ದೊಡ್ಡ ಸರಕಾರವೇ ಹಾಗೆ ಮಾಡಿತು. ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿ, ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತದ ವಿದೇಶಾಂಗ ಸೇವೆಗೆ ಸೇರಿದ ಮೊದಲನೆಯ ಮಹಿಳೆ. ಸೇರುವಾಗ ಆಕೆಯು ಮದುವೆಯಾದರೆ ರಾಜೀನಾಮೆ ಕೊಡುವೆನೆಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಜೊತೆಯಲ್ಲಿ ಸೇರಿದ ಗಂಡಸರು ಅಂಥಾದ್ದನ್ನು ಬರೆಯಲಿಲ್ಲ. ಮೂವತ್ತು ವರುಷಗಳ ಮೇಲೆ, 1979ರಲ್ಲಿ, ಆಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರರು ಆ ಸೇವೆಯ ನಿಯಮಗಳಲ್ಲಿ ಹೆಂಗಸರ ವಿಷಯವಾದ ತಾರತಮ್ಯವು ಬಯಲಾಗಿ ಕಾಣುತ್ತದೆಂದು ಬರೆದರು. ಮದುವೆಯೂ ಸಂಸಾರವೂ ಗಂಡಸಿನ ಕೆಲಸಕ್ಕೆ ಅಡ್ಡಿಯಲ್ಲವಾದರೆ ಹೆಂಗಸಿನ ಕೆಲಸಕ್ಕೆ ಮಾತ್ರ ಅಡ್ಡಿಯಾಗುವದು ಹೇಗೆ ಎಂಬದೇ ಅವರ ವಾದದ ತಿರುಳು. ಮುಚ್ಚಳಿಕೆಯ ಕಾಲವು ಹೋಯಿತು. ಬರೆಯದ ಮುಚ್ಚಳಿಕೆಯು ನಮ್ಮ ಮನೆಗಳಲ್ಲಿ ಉಳಿಯಿತು.

ಇನ್ನೊಂದು ಸಂಗತಿಯು ನಿಮ್ಮಲ್ಲಿ ಅನೇಕರಿಗೆ ತಿಳಿದದ್ದೇ. ಅಜ್ಜಂಪುರದ ಮೇಲೆ ಹಾದುಹೋಗುವ ರೈಲು ಮುಟ್ಟುವ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರು, ಹೆಂಗಸರು ಅರ್ಜಿ ಹಾಕಕೂಡದೆಂದು ಜಾಹೀರಾತು ಕೊಟ್ಟಿದ್ದ ಟೆಲ್ಕೋ ಕಂಪನಿಯ ವಿಷಯವಾಗಿ ಜೆ. ಆರ್. ಡಿ. ಟಾಟಾರವರಿಗೆ ಕಾರ್ಡು ಬರೆದು, ಅಲ್ಲಿಯೇ ಕೆಲಸ ಪಡೆದವರು. 1981ರಲ್ಲಿ ಅವರ ಪತಿ ನಾರಾಯಣ ಮೂರ್ತಿಯವರು ಸಂಗಡಿಗರೊಂದಿಗೆ ಇನ್ಫೋಸಿಸ್ ಆರಂಭಿಸಿದಾಗ ಹೆಂಡತಿಯು ತನ್ನ ಉಳಿತಾಯದಿಂದ 10,000 ರೂಪಾಯಿ ಕೊಟ್ಟರು. ಮುಂದೆ ಗಂಡಹೆಂಡಿರಿಬ್ಬರೂ ಒಂದೇ ಕಂಪನಿಯಲ್ಲಿರುವದು ಬೇಡವೆಂದು ಪತಿಯು ನಿಶ್ಚಯಿಸಲು, ಆಕೆಯು ಹೊರಗೆ ನಿಂತು ಮನೆಯನ್ನೂ ಇಬ್ಬರು ಮಕ್ಕಳನ್ನೂ ನೋಡಿಕೊಂಡರು. ಆ ನಿಶ್ಚಯವು ಮನಸ್ಸಿಗೆ ನೋವು ತಂದಿತೆಂಬದನ್ನು ಆಕೆಯು ಮರೆಮಾಡಿದವರಲ್ಲ. ಇದಾಗಿ ನಾಲ್ವತ್ತು ವರುಷಗಳು ಕಳೆದವು. 2024ರ ಜನವರಿಯಲ್ಲಿ ನಾರಾಯಣ ಮೂರ್ತಿಯವರು, ತಾವು ಆಗ ಹಿಡಿದ ಆದರ್ಶವು ತಪ್ಪಾದದ್ದೆಂದೂ, ತಮಗಿಂತಲೂ ಉಳಿದ ಸ್ಥಾಪಕರೆಲ್ಲರಿಗಿಂತಲೂ ತಮ್ಮ ಹೆಂಡತಿಯೇ ಹೆಚ್ಚು ಅರ್ಹಳಾಗಿದ್ದಳೆಂದೂ ಬಹಿರಂಗವಾಗಿ ಹೇಳಿದರು. ಹೇಳಿದ್ದು ದೊಡ್ಡತನವೇ. ಆದರೆ ಆ ಮನೆಯ ಐಶ್ವರ್ಯವು ನಮ್ಮ ಅಜ್ಜಂಪುರದ ಸೊಸೆಗೆ ಇಲ್ಲ. ನಾಲ್ವತ್ತು ವರುಷ ಕಾದು ಒಂದು ಒಳ್ಳೆಯ ಮಾತನ್ನು ಪಡೆಯುವಷ್ಟು ಅನುಕೂಲವು ಬಡವರಿಗಿಲ್ಲ.

ಈಗ ನಾವು ಹೇಳಬೇಕೆಂದಿರುವ ಮಾತಿಗೆ ಬರುತ್ತೇವೆ. ಇಬ್ಬರ ಮಗುವಿಗೋಸ್ಕರ ಒಬ್ಬರು ಉದ್ಯೋಗವನ್ನು ಬಿಟ್ಟರೆ ಅದು ಬಿಟ್ಟವರ ತ್ಯಾಗವೆಂದು ಹೊಗಳಿ ಮುಗಿಸತಕ್ಕದ್ದಲ್ಲ. ಉಳಿದವರ ಮೇಲೆ ಅದು ಋಣವಾಗಿ ನಿಲ್ಲುತ್ತದೆ. ಹೊಗಳಿಕೆಗೆ ಖರ್ಚಿಲ್ಲ, ಋಣವನ್ನು ತೀರಿಸಬೇಕು. ಆದಕಾರಣವೇ ನಾವು ಸುಲಭವಾಗಿ ಹೊಗಳುತ್ತೇವೆಂದು ನಮಗೆ ತೋರುತ್ತದೆ.

ಈ ಕೆಲಸಕ್ಕೆ ಬೆಲೆ ಕಟ್ಟುವದು ಹೇಗೆಂದು ಕೇಳುವಿರಾ? ನ್ಯಾಯಾಲಯಗಳು ಕಟ್ಟಿವೆ, ಆದರೆ ಸತ್ತ ಮೇಲೆ. 1989ರಲ್ಲಿ ಜಮ್‌ಷೆಡ್‌ಪುರದಲ್ಲಿ ಬೆಂಕಿಯ ಅನಾಹುತದಿಂದ ಅನೇಕರು ತೀರಿಹೋದರು. ಅದರ ಪರಿಹಾರದ ಮೊಕದ್ದಮೆಯಲ್ಲಿ 2001ರಲ್ಲಿ ಸುಪ್ರೀಂ ಕೋರ್ಟು, ಸಂಬಳವಿಲ್ಲದೆ ಮನೆಯನ್ನು ನಡಿಸುತ್ತಿದ್ದ ನಡುವಯಸ್ಸಿನ ಹೆಂಗಸಿನ ಸೇವೆಗೆ ತಿಂಗಳಿಗೆ 3,000 ರೂಪಾಯಿಯೆಂದು ಲೆಕ್ಕ ಹಿಡಿಯಿತು. ಬದುಕಿದ್ದಾಗ ಅವಳ ಕೈಗೆ ಆ ಹಣವನ್ನು ಯಾರೂ ಕೊಟ್ಟಿರಲಿಲ್ಲ. 2019ರಲ್ಲಿ ಭಾರತ ಸರಕಾರವು ಜನರು ದಿನವನ್ನು ಹೇಗೆ ಕಳೆಯುತ್ತಾರೆಂದು ವಿಚಾರಿಸಿದಾಗ, ಸಂಬಳವಿಲ್ಲದ ಮನೆಗೆಲಸವನ್ನು ಮಾಡುವವರಲ್ಲಿ ಹೆಂಗಸು ದಿನಕ್ಕೆ 299 ನಿಮಿಷವನ್ನೂ ಗಂಡಸು 97 ನಿಮಿಷವನ್ನೂ ಅದರಲ್ಲಿ ಕಳೆಯುತ್ತಾರೆಂದು ಕಂಡುಬಂತು. ಐದು ತಾಸಿಗೆ ಒಂದೇ ನಿಮಿಷ ಕಡಿಮೆ. ಕೂಸಿನ ಆರೈಕೆಯ ಲೆಕ್ಕವು ಇದರಲ್ಲಿ ಸೇರಿಲ್ಲ, ಅದು ಬೇರೆ.

ತನ್ನ ಸ್ವಂತ ಕೂಸನ್ನು ಸಾಕಿದ್ದಕ್ಕೆ ಸಂಬಳ ಪಡೆದ ತಾಯಿಯು ನಮಗೆ ತಿಳಿದ ಮಟ್ಟಿಗೆ ಒಬ್ಬಳೇ. ಅವಳು ಮೋಶೆಯ ತಾಯಿ. ನದಿಯ ಜಂಬಿನ ಪೆಟ್ಟಿಗೆಯಲ್ಲಿ ಸಿಕ್ಕಿದ ಕೂಸಿಗೆ ಹಾಲೂಡುವದಕ್ಕೆ ಫರೋಹನ ಕುಮಾರ್ತೆಯು ಅವಳನ್ನು ಕೂಲಿಗೆ ಗೊತ್ತುಮಾಡಿದಳು. ಅವಳೇ ಹೆತ್ತ ತಾಯಿಯೆಂದು ತಿಳಿದಿದ್ದರೆ ರಾಜಕುಮಾರ್ತೆಯು ಕೂಲಿಯ ಮಾತನ್ನು ಎತ್ತುತ್ತಿದ್ದಳೋ ಎಂದು ನಾವು ಅನೇಕಾವರ್ತಿ ಯೋಚಿಸಿದ್ದೇವೆ. ತಾಯಿಯೆಂದು ತಿಳಿದ ಕೂಡಲೇ ಕೈಯನ್ನು ಹಿಂದಕ್ಕೆ ತೆಗೆಯುವದು ಎಲ್ಲಾ ಕಾಲದವರ ರೂಢಿಯಾಗಿದೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿಯು ಅನೇಕ ಹೆಂಗಸರಿಗೆ ಮೊದಲನೆಯ ಸಾರಿ ಸ್ವಂತ ಹಣದ ರುಚಿಯನ್ನು ತೋರಿಸಿತು, ನಿಜ. ಆದರೆ ಅದು ಮನೆಯ ಯಜಮಾನಿಗೆ ಸಲ್ಲುವಂಥಾದ್ದು. ನಾವು ಹೇಳುತ್ತಿರುವ ಮನೆಯ ರೇಷನ್ ಕಾರ್ಡಿನಲ್ಲಿ ಯಜಮಾನಿಯು ಅತ್ತೆ. ಕೆಲಸ ಬಿಟ್ಟವಳು ಸೊಸೆ.

ಒಬ್ಬ ಹಿರಿಯರು ನಮ್ಮನ್ನು ಆಕ್ಷೇಪಿಸಿದರು. ಗಂಡಹೆಂಡಿರು ಒಂದೇ ಶರೀರವಾಗಿರುವಾಗ ಅವರೊಳಗೆ ಸಾಲದ ಲೆಕ್ಕವೇನು, ಎಡಗೈ ಬಲಗೈಗೆ ಚೀಟಿ ಬರೆದುಕೊಡುವದುಂಟೋ ಎಂದರು. ಒಳ್ಳೆಯ ಮಾತು. ನಾವು ಅದಕ್ಕೆ ಕೂಡಲೇ ಉತ್ತರ ಕೊಡಲಾರದೆ ಹೋದೆವು. ಆಮೇಲೆ ನಮಗೆ ತೋಚಿದ್ದೇನಂದರೆ, ಒಂದೇ ಶರೀರವಾದರೆ ನೋವೂ ಎರಡೂ ಕಡೆ ಇರಬೇಕು. ಗಂಡನು ತೀರಿಹೋದರೆ, ಅಥವಾ ಹಾಸಿಗೆ ಹಿಡಿದರೆ, ಅಥವಾ ಕುಡಿತಕ್ಕೆ ಬಿದ್ದರೆ, ಹತ್ತು ವರುಷ ವಾರ್ಡನ್ನು ಕಾಣದವಳು ಮರಳಿ ಹೋಗಿ ಹೊಸಬರ ಸಾಲಿನಲ್ಲಿ, ಹೊಸಬರ ಸಂಬಳಕ್ಕೆ ನಿಲ್ಲಬೇಕು. ಅವಳ ಸಂಗಡ ಕಲಿತವರು ಆಗ ಅವಳ ಮೇಲಿನವರಾಗಿರುವರು. ಇಂಥಾ ವಿಧವೆಯರನ್ನು ನಾವು ನೋಡಿದ್ದೇವೆ. ಅವರ ಮನೆಯ ಒಲೆಯ ಮುಂದೆ ಕೂತು ನಾವು ಪ್ರಾರ್ಥಿಸಿದ್ದೇವೆ. ಆಗ ಎಡಗೈಯೊಂದೇ ಉಳಿದಿರುತ್ತದೆ.

ಆದಕಾರಣ ಋಣವನ್ನು ಬದುಕಿರುವಾಗಲೇ ತೀರಿಸುತ್ತಾ ಬರುವದು ಯುಕ್ತ. ಉದ್ಯೋಗದಲ್ಲಿ ಉಳಿದವನು ಪ್ರತಿ ತಿಂಗಳೂ ಸಂಬಳದಲ್ಲಿ ಒಂದು ಪಾಲನ್ನು ಅಂಚೆ ಕಚೇರಿಯ ಆರ್.ಡಿ.ಯಲ್ಲಿ ಬಿಟ್ಟವಳ ಹೆಸರಿಗೇ ಕಟ್ಟಲಿ. ರಾತ್ರಿ ಕೂಸು ಅತ್ತರೆ ಎರಡನೆಯ ಸಾರಿ ತಾನೇ ಏಳಲಿ. ಅವಳು ಕಲಿತ ವಿದ್ಯೆಯು ತುಕ್ಕು ಹಿಡಿಯದಂತೆ ವಾರಕ್ಕೊಂದು ದಿನವಾದರೂ ದಾರಿ ತೆರೆದಿರಲಿ. ಬಿಡುವವನು ಗಂಡಸಾದರೆ ಇದೇ ಋಣವು ಹೆಂಡತಿಯ ಮೇಲೆ ನಿಲ್ಲುತ್ತದೆ, ಮತ್ತು ಸಭೆಯವರು ಅವನನ್ನು ನೋಡಿ ನಗದೆ ಇರುವದು ಸಭೆಯ ಪಾಲು. ಕೂಸನ್ನು ಅಜ್ಜಿಯ ಬಳಿ ಬಿಟ್ಟು ಕೆಲಸಕ್ಕೆ ಹೋಗುವ ತಾಯಿಯನ್ನು ಕುರಿತು ನಾವು ಇಲ್ಲಿ ಏನೂ ಬರೆಯಲಿಲ್ಲ. ಅವಳನ್ನು ದೂರುವವರು ಬೇಕಾದಷ್ಟು ಮಂದಿ ಇದ್ದಾರೆ. ಆ ಅಜ್ಜಿಗೂ ಸಲ್ಲಬೇಕಾದದ್ದು ಉಂಟೆಂದು ಮಾತ್ರ ಹೇಳುತ್ತೇವೆ. ಮೊಮ್ಮಗುವಿನ ಮೇಲಣ ಪ್ರೀತಿಯಿಂದ ಮಂಡಿನೋವು ಕಡಿಮೆಯಾದದ್ದನ್ನು ನಾವು ಎಲ್ಲಿಯೂ ಕಾಣಲಿಲ್ಲ.

ಆ ಮನೆಯ ಕೂಸಿಗೆ ಈಗ ಎರಡು ವರುಷ ತುಂಬಿದೆ. ಆರ್.ಡಿ. ಪುಸ್ತಕವನ್ನು ಅವಳ ಗಂಡನು ನಮಗೆ ತೋರಿಸಿದನು. ಮೊಬಲಗು ದೊಡ್ಡದಲ್ಲ, ಎರಡು ತಿಂಗಳು ತಪ್ಪಿಯೂ ಇದೆ. ಭಾನುವಾರ ಆರಾಧನೆಯಾದ ಮೇಲೆ ಹೆಂಗಸರು ಅವಳ ಸುತ್ತಲೂ ಕೂತು ಜ್ವರ, ಬೇಧಿ, ಲಸಿಕೆಗಳ ವಿಷಯ ವಿಚಾರಿಸುತ್ತಾರೆ; ಅಷ್ಟು ಹೊತ್ತು ಕೂಸು ತಂದೆಯ ಹೆಗಲ ಮೇಲಿರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಎರಡು ದಿನ ನಕ್ಕರಂತೆ, ಆಮೇಲೆ ಅಡಿಕೆಯ ಧಾರಣೆ ಇಳಿದದ್ದರಿಂದ ಅವರಿಗೆ ಬೇರೆ ಮಾತು ಸಿಕ್ಕಿತಂತೆ. ಕೆಲವು ವಾರಗಳ ಹಿಂದೆ ತರೀಕೆರೆಯ ಒಂದು ಆಸ್ಪತ್ರೆಯಲ್ಲಿ ಹಗಲಿನ ಪಾಳಿಗೆ ನರ್ಸು ಬೇಕೆಂಬ ಸುದ್ದಿ ಬಂತು. ಈ ಸಾರಿ ಅವನು ಅವಳನ್ನು ಕೇಳಿದನು. ಹೋಗುತ್ತೀಯಾ, ಇರುತ್ತೀಯಾ, ಯಾವದಾದರೂ ಸರಿ, ಹೋಗುವದಾದರೆ ಮಂಡಿಯಲ್ಲಿ ಮಧ್ಯಾಹ್ನದ ತನಕ ರಜ ಕೇಳುತ್ತೇನೆ ಎಂದನಂತೆ. ಅವಳು, “ಯೋಚನೆ ಮಾಡಿ ಹೇಳ್ತೀನಿ” ಎಂದಳು. ಮೊನ್ನೆ ನಾವು ಆ ಊರಿಗೆ ಹೋಗಿದ್ದಾಗ ಅವಳು ಇನ್ನೂ ಹೇಳಿರಲಿಲ್ಲ.