ಕಾಂಕ್ರೀಟು ಮತ್ತು ಅನರ್ಥದಂಡ ವಿರತಿ

ದಶಲಕ್ಷಣ ಪರ್ವದಲ್ಲಿ ಹಸಿರು ಕಾಯಿಪಲ್ಲೆಯನ್ನೂ ತ್ಯಜಿಸಿ ಏಕಾಶನ ಮಾಡುವ ಶ್ರಾವಕನು, ಅದೇ ವಾರ ಬಸದಿಯ ಅಂಗಳಕ್ಕೆಲ್ಲ ಕಾಂಕ್ರೀಟು ಹಾಸಲು ಸಂತೋಷದಿಂದ ದಾನ ಬರೆಯಿಸುತ್ತಾನೆ. ಹಾಗೆ ಬರೆಯಿಸಿದವರಲ್ಲಿ ನಾನೂ ಒಬ್ಬ. ಆದುದರಿಂದ ಧರ್ಮಬಂಧುಗಳು ಇದನ್ನು ಪರೋಪದೇಶವೆಂದು ಎಣಿಸಬಾರದು.

ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಕಲಕುವುದು, ಸಸ್ಯ ಕಡಿಯುವುದು ಇವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂಬ ಅನರ್ಥದಂಡವಾಗಿ ಹೇಳಿದ್ದಾರೆ. ಕಾಂಕ್ರೀಟಿನಲ್ಲಿ ಮೊದಲ ನಾಲ್ಕೂ ಒಟ್ಟಿಗೆ ಕೂಡುತ್ತವೆ. ಅಮೋಘವರ್ಷನ ರಾಜಧಾನಿಯಾಗಿದ್ದ ಮಳಖೇಡದ ಸುತ್ತ ಇಂದು ಸುಣ್ಣಕಲ್ಲಿನ ಗಣಿಗಳೂ ಸಿಮೆಂಟು ಕಾರ್ಖಾನೆಗಳೂ ಇವೆ. ಸಿಮೆಂಟಿಗಾಗಿ ಆ ಕಲ್ಲನ್ನು ಸುಮಾರು 1450 ಡಿಗ್ರಿಯವರೆಗೆ ಕಾಯಿಸಬೇಕು. ಶುದ್ಧ ಸುಣ್ಣಕಲ್ಲು 100 ಕಿಲೋ ಇದ್ದರೆ 44 ಕಿಲೋ ಇಂಗಾಲಾಮ್ಲ ವಾಯುವಾಗಿ ಹಾರಿಹೋಗುತ್ತದೆ. ಇಂಧನದ ಹೊಗೆ ಬೇರೆ. ಮನುಷ್ಯಕೃತವಾದ ಈ ವಾಯುವಿನಲ್ಲಿ ನೂರಕ್ಕೆ 7–8ರಷ್ಟು ಸಿಮೆಂಟಿನಿಂದಲೇ ಬರುತ್ತದೆ.

ಈಚೆಗೆ ಒಂದು ಸಮಾಧಾನ ಕೇಳಿಬರುತ್ತಿದೆ: ಆ ವಾಯುವನ್ನು ಹಿಡಿದು ಹಸಿ ಕಾಂಕ್ರೀಟಿನೊಳಗೆ ಹೊಗಿಸಿದರೆ ಅದು ಮರಳಿ ಕಲ್ಲಾಗುತ್ತದೆ. ಮಾತು ಸುಳ್ಳಲ್ಲ. ಗಟ್ಟಿಯಾದ ಕಾಂಕ್ರೀಟು ಸಹ ದಶಕಗಳ ಕಾಲ ತಾನಾಗಿಯೇ ಗಾಳಿಯಿಂದ ಅದನ್ನು ಹೀರುತ್ತದೆ. 1930ರಿಂದ 2013ರವರೆಗೆ ಸಿಮೆಂಟಿಗಾಗಿ ಸುಟ್ಟ ಕಲ್ಲಿನಿಂದ ಹೊರಟುದರಲ್ಲಿ ನೂರಕ್ಕೆ 43ರಷ್ಟು ಹೀಗೆ ಮರಳಿತೆಂದು 2016ರ ಒಂದು ಅಧ್ಯಯನ ಅಂದಾಜು ಮಾಡಿತು. ಆದರೆ ಇಂಧನದ ಹೊಗೆ ಆ ಲೆಕ್ಕದಲ್ಲಿಲ್ಲ. ಹೀರಿಕೆಯು ಒಳಗಿನ ಕಬ್ಬಿಣದ ಸರಳಿನವರೆಗೆ ಮುಟ್ಟಿದರೆ ತುಕ್ಕು ಹಿಡಿದು ಕಟ್ಟಡವೇ ಬಿರಿಯಬಹುದು. ಹಸಿಯಲ್ಲಿ ಹೊಗಿಸುವ ಪ್ರಮಾಣವಂತೂ ಹೊರಬಿಟ್ಟುದರ ಮುಂದೆ ಅತ್ಯಲ್ಪ.

ಇದನ್ನು ಪ್ರಾಯಶ್ಚಿತ್ತಕ್ಕೆ ಹೋಲಿಸಬಹುದು. ದೋಷವಾದ ಮೇಲೆ ಗುರುಗಳ ಮುಂದೆ ನಿವೇದಿಸಿ ಪ್ರಾಯಶ್ಚಿತ್ತ ಪಡೆಯುವುದು ಶ್ರೇಯಸ್ಕರವೇ. ನಾಳೆ ಉಪವಾಸ ಮಾಡಿದರಾಯಿತೆಂದು ಇಂದು ರಾತ್ರಿ ಉಣ್ಣುವವನನ್ನು ಮಾತ್ರ ವ್ರತಿಯೆಂದು ಯಾರು ಕರೆದಾರು?

ಹಾಗಾದರೆ ಗೃಹಸ್ಥನಿಗೆ ಮನೆ ಬೇಡವೇ? ಬೇಕು. ಆರಂಭೀ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಲಾರ. ಸೋರದ ಸೂರು ಪ್ರಯೋಜನವೇ. ಪ್ರಶ್ನೆ ಇರುವುದು ವರ್ಷಕ್ಕೆ ನಾಲ್ಕು ದಿನ ಬಾಗಿಲು ತೆರೆಯುವ ಭವನದ ವಿಷಯದಲ್ಲಿ, ಮಳೆನೀರು ಇಂಗದಂತೆ ಮುಚ್ಚಿದ ಅಂಗಳದ ವಿಷಯದಲ್ಲಿ. ಬಟ್ಟೆಗೆ, ಹೊಲಕ್ಕೆ, ಚಿನ್ನಕ್ಕೆ ಪರಿಮಾಣ ಮಾಡಿಕೊಳ್ಳುವ ನಾವು ಸಿಮೆಂಟಿನ ಚೀಲಗಳಿಗೂ ಕೆಲಸಕ್ಕೆ ಮೊದಲೇ ಪರಿಮಾಣ ಮಾಡಿಕೊಳ್ಳಬಾರದೇಕೆ? ಶಹಾಬಾದಿನ ಹಾಸುಗಲ್ಲೂ ಸುಣ್ಣಕಲ್ಲೇ. ಗಣಿಯ ಹಿಂಸೆ ಅದರಲ್ಲಿಯೂ ಉಂಟು, ಸುಡುವುದೊಂದು ಇಲ್ಲ.

ನಮ್ಮ ಬಸದಿಯ ಅಂಗಳದಲ್ಲಿ ಅರ್ಧ ಕೆಲಸ ಮುಗಿದಿದೆ. ಉಳಿದರ್ಧಕ್ಕೆ ನನ್ನ ಹಣವನ್ನು ಹಾಸುಗಲ್ಲಿಗೆ ತಿರುಗಿಸಿರೆಂದು ಸಮಿತಿಯವರಲ್ಲಿ ಕೇಳಿಕೊಂಡಿದ್ದೇನೆ. ಅವರು ಇನ್ನೂ ಒಪ್ಪಿಲ್ಲ.