ಗಟ್ಟಿ ಮಾಡಿಸಿದ ಲಾರಿಯ ಭಾರ ಯಾರ ಮೇಲೆ?

ಲಾರಿಯ ಹಿಂದಿನ ಚಕ್ರಗಳ ಬಳಿ ಬಗ್ಗಿ ನೋಡಿದರೆ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಕೂತಿರುತ್ತವೆ. ಲಾರಿಯವರು ಅವನ್ನು ಬ್ಲೇಡು ಅನ್ನುತ್ತಾರೆ. ಭಾರ ಬಿದ್ದಂತೆ ಅವು ಚಪ್ಪಟೆಯಾಗುತ್ತವೆ. ತೀರ ಹೆಚ್ಚಾದರೆ ಒಂದು ಮುರಿಯುತ್ತದೆ, ಗಾಡಿ ಒಂದು ಕಡೆಗೆ ವಾಲುತ್ತದೆ, ಡ್ರೈವರು ಬಯ್ದುಕೊಳ್ಳುತ್ತ ಗ್ಯಾರೇಜು ಹುಡುಕುತ್ತಾನೆ. ಅತಿಯಾಸೆಯ ಖರ್ಚು ಆಗ ಲಾರಿಯವನಿಗೇ ಬೀಳುತ್ತದೆ.

ಇದಕ್ಕೆ ಎಲ್ಲ ಊರಲ್ಲೂ ಮಾಡುವ ಉಪಾಯವೆಂದರೆ ಇನ್ನೆರಡು ಬ್ಲೇಡು ಸೇರಿಸುವುದು. ಕೈಯಲ್ಲಿ ದುಡ್ಡಿದ್ದರೆ ದೊಡ್ಡ ಗಾಡಿಯ ಆಕ್ಸಲ್ಲನ್ನೇ ತಂದು ಕೂರಿಸುತ್ತಾರೆ. ಹೊಸಪೇಟೆ ಕಡೆಯ ನನ್ನ ಪರಿಚಯದವರೊಬ್ಬರು ತಮ್ಮ ಆರು ಚಕ್ರದ ಹಳೆಯ ಲಾರಿಗೆ ಹಾಗೆ ಮಾಡಿಸಲು ಹೊರಟಿದ್ದರು. ಮಾಲೀಕರೂ ಅವರೇ, ಡ್ರೈವರೂ ಅವರೇ. ‘ಮೇಷ್ಟ್ರೇ, ಹತ್ತು ಟನ್ನಿನ ಬಾಡಿಗಿಯೊಳಗ ಡೀಸೆಲ್ಲು, ಕಂತು, ಟೈರು ಕಳದ್ರ ಚಾ ಕುಡಿಯೋ ರೊಕ್ಕ ಉಳಿತೈತಿ. ಮನಿ ನಡಿಯೋದು ಮ್ಯಾಲಿನ ಎರಡು ಟನ್ನಿನಾಗ. ನನ್ನ ಗಾಡಿ ನಾ ಗಟ್ಟಿ ಮಾಡಿಸ್ಕೊಂಡ್ರ ಯಾರಿಗೇನು?’ ಅಂದರು.

ಇದು ಬಾಯಿಮಾತಿಗೆ ಕೇಳಿದ ಪ್ರಶ್ನೆಯಲ್ಲ, ಹಾಗಾಗಿ ಬಾಯಿಮಾತಿನ ಉತ್ತರ ಸಾಲದು. ನ್ಯಾಯವಾಗಿ ಹೊರಬೇಕಾದ ಭಾರವನ್ನೇ ಕೆಟ್ಟ ರಸ್ತೆಯಲ್ಲಿ ಸುರಕ್ಷಿತವಾಗಿ ಹೊರಲು ಗಾಡಿಯನ್ನು ಗಟ್ಟಿ ಮಾಡಿಸಿದರೆ ತಪ್ಪೇನಿಲ್ಲ, ಅದು ಜವಾಬ್ದಾರಿಯೇ. ತೊಡಕು ಹುಟ್ಟುವುದು ಗಟ್ಟಿ ಮಾಡಿಸಿದ್ದು ಇನ್ನಷ್ಟು ಹೇರುವುದಕ್ಕಾದಾಗ. ಭಾರ ಎಲ್ಲಿಗೂ ಮಾಯವಾಗುವುದಿಲ್ಲ. ಬ್ಲೇಡು ಬಾಗದಿದ್ದರೆ ಪೆಟ್ಟು ಅದನ್ನು ಹಿಡಿದ ಬ್ರಾಕೆಟ್ಟಿಗೆ ಹೋಗುತ್ತದೆ, ಅಲ್ಲಿಂದ ಚಾಸಿಗೆ. ಬ್ರೇಕು ಮಾತ್ರ ಹಳೆಯ ತೂಕಕ್ಕೆ ಮಾಡಿದ್ದೇ ಆಗಿರುತ್ತದೆ. ತೂಕ ಕಾಲುಭಾಗ ಹೆಚ್ಚಾದರೆ ಅದೇ ವೇಗದ ಗಾಡಿಯನ್ನು ನಿಲ್ಲಿಸಲು ಅದು ನುಂಗಬೇಕಾದ ಶಕ್ತಿಯೂ ಕಾಲುಭಾಗ ಹೆಚ್ಚು. ಘಾಟಿ ಇಳಿಯುವಾಗ ಮುಂದೆ ಸ್ಕೂಟರಿನಲ್ಲಿ ಹೋಗುತ್ತಿರುವವನಿಗೆ ಈ ಲೆಕ್ಕ ಯಾರೂ ಹೇಳಿರುವುದಿಲ್ಲ.

ಕೊನೆಗೆ ಭಾರ ಹೋಗಿ ನಿಲ್ಲುವುದು ರಸ್ತೆಯಲ್ಲಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಲಾರಿಗಳನ್ನು ಸತತವಾಗಿ ಓಡಿಸಿ ಒಂದು ದೊಡ್ಡ ಪರೀಕ್ಷೆ ನಡೆಸಿದರು. ರಸ್ತೆಯ ಸವೆತ ಆಕ್ಸಲ್ಲಿನ ಭಾರದ ಜತೆ ಸಮನಾಗಿ ಏರುವುದಿಲ್ಲ, ಸುಮಾರಾಗಿ ಅದರ ನಾಲ್ಕನೆಯ ಘಾತದಂತೆ ಏರುತ್ತದೆ ಎಂಬುದು ಅದರಿಂದ ಹೊರಟ ನಿಯಮ. ಭಾರ ಎರಡು ಪಟ್ಟಾದರೆ ಸವೆತ ಹದಿನಾರು ಪಟ್ಟು. ಕಾಲುಭಾಗ ಹೆಚ್ಚಾದರೆ ಸುಮಾರು ಎರಡೂವರೆ ಪಟ್ಟು. ಅಂದರೆ ಬಾಡಿಗೆ ಕಾಲುಭಾಗ ಹೆಚ್ಚು ಸಿಕ್ಕಾಗ ರಸ್ತೆಯಿಂದ ಕಿತ್ತುಕೊಂಡದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಮೊದಲು ಲಾರಿಯವನ ಬ್ಲೇಡು ಮುರಿಯುತ್ತಿತ್ತು. ಈಗ ಮುರಿಯುವುದು ಎಲ್ಲರ ರಸ್ತೆ. ‘ಯಾರಿಗೇನು’ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟು: ನಷ್ಟ ತಪ್ಪಿಲ್ಲ, ಅದರ ವಿಳಾಸ ಬದಲಾಗಿದೆ, ಹೊಸ ವಿಳಾಸದವರನ್ನು ಯಾರೂ ಕೇಳಿಲ್ಲ.

ಕಾನೂನು ಹೇಳಿದ್ದೇ ಸರಿತಪ್ಪಿನ ಗೆರೆ ಎನ್ನೋಣವೇ? 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂದು ಆಕ್ಸಲ್ಲಿನ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೆ ಏರಿಸಿತು. ನಾಲ್ಕನೆಯ ಘಾತದ ಲೆಕ್ಕದಲ್ಲಿ ಸವೆತ ಸುಮಾರು ಶೇ. 60ರಷ್ಟು ಹೆಚ್ಚು. ಹಿಂದಿನ ದಿನ ಅಪರಾಧವಾಗಿದ್ದ ಭಾರ ಮರುದಿನ ನಿಯಮದೊಳಗೆ ಬಂತು. ಡಾಂಬರಿಗೆ ಗೆಜೆಟ್ ಓದಲು ಬರುವುದಿಲ್ಲ. ಹಾಗೆಂದು ಕಾನೂನು ಬೇಡವೆಂದಲ್ಲ. ಎಷ್ಟು ಸವೆತವನ್ನು ಎಲ್ಲರೂ ಸೇರಿ ಸಹಿಸೋಣ ಎಂದು ಬಹಿರಂಗವಾಗಿ ತೀರ್ಮಾನಿಸುವುದಕ್ಕೂ ಒಬ್ಬನೇ ಶೆಡ್ಡಿನಲ್ಲಿ ತೀರ್ಮಾನಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ನೋಂದಣಿ ಪತ್ರದ ತೂಕ ಬ್ಲೇಡು ಸೇರಿಸಿದ ಮಾತ್ರಕ್ಕೆ ಬದಲಾಗುವುದಿಲ್ಲ ಎಂಬ ನಿಯಮದ ಅರ್ಥವೂ ಇದೇ ಇರಬೇಕು.

ಆದರೂ ಆ ಪರಿಚಯದವರನ್ನು ತಪ್ಪಿತಸ್ಥರೆಂದು ನಿಲ್ಲಿಸಲು ಮನಸ್ಸು ಒಪ್ಪುವುದಿಲ್ಲ. ಹೆಚ್ಚು ಹೊರಬಲ್ಲ ಲಾರಿಗಳು ಹೆಚ್ಚಾದಂತೆ ಟನ್ನಿನ ಬಾಡಿಗೆ ಇಳಿಯುತ್ತದೆ. ಆಗ ಗಟ್ಟಿ ಮಾಡಿಸದವನಿಗೂ ಬೇರೆ ದಾರಿ ಇರುವುದಿಲ್ಲ. (ಮನೆಗಳಲ್ಲೂ ಹೀಗೇ. ತಾಳಿಕೊಳ್ಳುವ ಸೊಸೆಯ ತಲೆಗೇ ಮುಂದಿನ ಕೆಲಸವೂ ಬರುತ್ತದೆ.) ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅತಿಭಾರಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ದಂಡವಿದೆ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಕಾರಣನಾದವನೂ ಅದಕ್ಕೆ ಹೊಣೆ. ತೂಕದ ಕಟ್ಟೆಯ ಮುಂದೆ ಬೆವರೊರೆಸಿಕೊಂಡು ನಿಲ್ಲುವವನು ಮಾತ್ರ ಡ್ರೈವರು.

ಅದಿರಿನ ಭರಾಟೆಯ ದಿನಗಳಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಓಡಾಡಿದವರಿಗೆ ಇದೆಲ್ಲ ಹೊಸದಲ್ಲ. ಕೆಂಪು ಧೂಳು, ಮೊಣಕಾಲುದ್ದದ ಗುಂಡಿ, ಸಾಲುಗಟ್ಟಿದ ಲಾರಿಗಳು. ಲೋಕಾಯುಕ್ತ ವರದಿಯಲ್ಲೂ ಅತಿಭಾರದ ಸಂಗತಿ ಬಂತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಸಾಲ ಮಾಡಿ ಲಾರಿ ಕೊಂಡವರು ಕಂತು ಕಟ್ಟಲಾಗದೆ ಕೂತರು. ಅದಿರು ಮಾರಿದವರ ಬಂಗಲೆಗಳು ಇದ್ದಲ್ಲೇ ಇದ್ದವು, ರಸ್ತೆಯ ರಿಪೇರಿಗೆ ದುಡ್ಡು ಸರ್ಕಾರದ ಖಜಾನೆಯಿಂದ ಬರಬೇಕಿತ್ತು.