ಕಲ್ಲಿನ ಮೇಲೆ ಯಾರ ಹೆಸರು?

ಪುಣ್ಯಕ್ಷೇತ್ರಗಳಿಗೆ ಬರುವ ಭಕ್ತಾದಿಗಳಲ್ಲಿ ಕೆಲವರು ಮಂಟಪದ ಕಂಬದ ಮೇಲೆ ಮೊಳೆಯಿಂದಲೋ ಬೀಗದ ಕೈಯಿಂದಲೋ ತಮ್ಮ ಹೆಸರು ಗೀಚಿ ಹೋಗುತ್ತಾರೆ. ಯಾಕಪ್ಪಾ ಹೀಗೆ ಮಾಡ್ತೀರಿ ಅಂತ ಕೇಳಿದರೆ, "ಬಂದಿದ್ದಕ್ಕೆ ಒಂದು ಗುರುತು ಬೇಡವೇ? ರಾಜರು, ಶಿಲ್ಪಿಗಳು ಹೆಸರು ಕೆತ್ತಿಸಿಕೊಂಡರೆ ಅದು ಶಾಸನ, ನಾವು ಬರೆದರೆ ತಪ್ಪಾ?" ಅಂತಾರೆ. ಈ ಪ್ರಶ್ನೆಯನ್ನು ಹಾಗೇ ತಳ್ಳಿಹಾಕುವಂತಿಲ್ಲ.

ಹಿಂದಿನವರು ಹೆಸರು ಬರೆದದ್ದು ನಿಜ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರು ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳು ವಿಗ್ರಹಗಳ ಪೀಠದಲ್ಲಿವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ, ಈಗ ವಿರೂಪಾಕ್ಷ ಎನ್ನುವ ದೇವಾಲಯದ ಶಾಸನವು ಗುಂಡ ಎಂಬ ಶಿಲ್ಪಿಗೆ 'ತ್ರಿಭುವನಾಚಾರಿ' ಎಂಬ ಬಿರುದು ಕೊಟ್ಟದ್ದನ್ನು ಹೇಳುತ್ತದೆ.

ಆದರೆ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹೊಯ್ಸಳರ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಆ ಕಲ್ಲಿನಲ್ಲಿ ಬಳೆ, ಸರ, ಬಳ್ಳಿಯ ಎಲೆಗಳನ್ನೆಲ್ಲ ಬಿಡಿಸಿ, ಕೆಲಸ ಮುಗಿಸಿದ ಮೇಲೆ ಶಿಲ್ಪಿ ವಿಗ್ರಹದ ಕಾಲಡಿ ಹೆಸರು ಬರೆದ. ಈ ಕೆಲಸಕ್ಕೆ ನಾನು ಹೊಣೆ ಅಂತ ಅದರರ್ಥ. ಕೆಲಸ ಕೆಟ್ಟರೆ ಹೆಸರೂ ಕೆಡುತ್ತಿತ್ತು.

ಇನ್ನೊಂದು ನಿದರ್ಶನ ಕಂಚಿಯದ್ದು. 8ನೇ ಶತಮಾನದಲ್ಲಿ ಬಾದಾಮಿ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ. ಅವನ ಕನ್ನಡ ಶಾಸನ ಇಂದಿಗೂ ಅಲ್ಲಿನ ಕೈಲಾಸನಾಥ ದೇವಾಲಯದಲ್ಲಿದೆ. ಗೆದ್ದ ಅರಸ ಶತ್ರುವಿನ ಗುಡಿಯ ಕಲ್ಲಿನ ಮೇಲೆ ಬರೆಸಿದ್ದೇನು? ದೇವರ ಐಶ್ವರ್ಯವನ್ನು ನೋಡಿ, ಅದನ್ನು ದೇವರಿಗೇ ಬಿಟ್ಟುಕೊಟ್ಟೆ ಎಂಬ ಮಾತನ್ನು. ಪರರ ಗುಡಿಯಲ್ಲಿ ಹೆಸರು ಬರೆಸುವ ಹಕ್ಕು ಅವನಿಗೆ ಬಂದದ್ದು ಗೆದ್ದದ್ದರಿಂದಲ್ಲ, ಕೊಟ್ಟದ್ದರಿಂದ.

ಹಾಗಾದರೆ ದುಡ್ಡು ಕೊಟ್ಟವರಿಗೆ ಮಾತ್ರ ಹೆಸರೇ, ಬಡವನ ಗತಿಯೇನು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲೋರದ ಕೈಲಾಸ ದೇವಾಲಯವನ್ನು ನೆನೆಯಬೇಕು. ರಾಷ್ಟ್ರಕೂಟ ಒಂದನೇ ಕೃಷ್ಣನ ಹೆಸರಿನೊಂದಿಗೆ ಸೇರಿಕೊಂಡಿರುವ ಆ ಗುಡಿಯನ್ನು ಗುಡ್ಡದ ಮೇಲಿನಿಂದ ಕೆಳಕ್ಕೆ ಕಡಿಯುತ್ತಾ ಬಂದು, ಒಂದೇ ಬಂಡೆಯಲ್ಲಿ ಶಿಖರ, ಕಂಬ, ಆನೆಗಳನ್ನೆಲ್ಲ ನಿಲ್ಲಿಸಿದರು. ಒಂದು ಏಟು ತಪ್ಪಿದರೆ ಕಲ್ಲನ್ನು ಮತ್ತೆ ಅಂಟಿಸೋಕೆ ಆಗೋದಿಲ್ಲ. ಅಲ್ಲಿ ಉಳಿ ಹಿಡಿದವರು, ಬುಟ್ಟಿಯಲ್ಲಿ ಚಕ್ಕೆ ಹೊತ್ತವರು, ಅವರಿಗೆ ಅಂಬಲಿ ಕಾಯಿಸಿದ ಹೆಂಗಸರು ಯಾರ ಹೆಸರೂ ಉಳಿದಿಲ್ಲ. ಗುಡಿ ಉಳಿದಿದೆ. ಹೆಸರಿಲ್ಲ ಅಂತ ಅವರ ಸೇವೆ ಕಡಿಮೆಯಾಯಿತು ಎನ್ನಲಾದೀತೇ?

ಹೀಗಾಗಿ ಹೆಸರು ಬರೆಯುವುದೇ ಪಾಪವಲ್ಲ, ಬರೆಯದಿರುವುದೇ ಪುಣ್ಯವೂ ಅಲ್ಲ. ಆ ಹೆಸರು ಕಲ್ಲಿಗೆ ಏನನ್ನಾದರೂ ಕೊಟ್ಟಿತೋ, ಇಲ್ಲಾ ಕಲ್ಲಿನಿಂದ ಕಿತ್ತುಕೊಂಡಿತೋ ಎಂಬುದನ್ನು ನೋಡಬೇಕು. ಮೆಟ್ಟಿಲಿಗೆ ಚಪ್ಪಡಿ ಕೊಟ್ಟವರ ಹೆಸರು ಇರಲಿ. ಅದರ ಮೇಲೆ ಬಿದ್ದ ಬಾಳೆಹಣ್ಣಿನ ಸಿಪ್ಪೆಯನ್ನು ಹೆಕ್ಕಿ, ಹಿಂದೆ ಬರುವ ಮುದುಕರು ಜಾರದಂತೆ ನೋಡಿಕೊಂಡವನ ಹೆಸರು ಎಲ್ಲೂ ಇಲ್ಲ. ಆದರೂ ಅವನದು ದಾನವೇ.

ಸಂರಕ್ಷಿತ ಸ್ಮಾರಕಗಳಿಗೆ ಹಾನಿ ಮಾಡಿದರೆ 1958ರ ಕೇಂದ್ರ ಕಾಯಿದೆಯಂತೆ, 2010ರ ತಿದ್ದುಪಡಿಯ ನಂತರ, ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಉಂಟು. ಆದರೆ ಕಾವಲುಗಾರ ಎಲ್ಲಾ ಕಂಬದ ಹತ್ತಿರವೂ ನಿಂತಿರುವುದಿಲ್ಲ. ಆದ್ದರಿಂದ ಮಕ್ಕಳನ್ನು ಕರೆತಂದ ತಂದೆ ತಾಯಿಗಳು ಒಂದು ಕೆಲಸ ಮಾಡಬಹುದು. ಅವರು ಮೊಳೆ ಹಿಡಿಯುವ ಮೊದಲೇ ಒಂದು ಶಾಸನದ ಮುಂದೆ ನಿಲ್ಲಿಸಿ, ಇಲ್ಲಿ ಹೆಸರಿರುವವನು ಏನು ಕೊಟ್ಟ ಅಂತ ವಿಚಾರಿಸಿ ತಿಳಿಸಲಿ. ನೀನೇನು ಕೊಡ್ತೀಯ ಮಗು ಅಂತಲೂ ಕೇಳಲಿ.